ಅನೌನ್ಸರ್ ಮಕ್ಕಳನ್ನು ಮಲಗಿಸಿದ ಪ್ರಸಂಗ

ನಮ್ಮ ಮೇಲಿನ ಮನೆಯ ಅನೌನ್ಸರ್ ಡಾಕ್ಟರಾದದ್ದು ಬಟ್ಟೆ ಒಣಗಿಸುವ ತಂತಿಯ ಮೇಲೆ. ಓದಿ ಡಾಕ್ಟರಾದವರನ್ನು ನಾನು ನೋಡಿದ್ದೇನೆ. ಓದದೆ ಡಾಕ್ಟರಾದವರನ್ನೂ ನೋಡಿದ್ದೇನೆ. ಒಗೆದು, ಹಿಂಡಿ, ಕ್ಲಿಪ್ಪು ಹಾಕಿಸಿಕೊಂಡು ಡಾಕ್ಟರಾದವರು ಇವರೊಬ್ಬರೇ.

ಅರ್ಧ ಆಯಸ್ಸನ್ನು ಅವರು ಬಸ್ ನಿಲ್ದಾಣದ ಒಂದು ಗಾಜಿನ ಗೂಡಿನಲ್ಲಿ, ಮೈಕಿನ ಮುಂದೆ ಕಳೆದಿದ್ದರು. ಬಸ್ಸುಗಳನ್ನು ಕೂಗುವುದು ಅವರ ಕೆಲಸ. ಆದರೆ ಆ ದನಿಗೆ ಕೂಗುವುದು ಗೊತ್ತಿರಲಿಲ್ಲ. ಬೆಚ್ಚಗಿನ ಹಾಲಿನ ಹಾಗೆ, ಒಂದೇ ಸಮನೆ ಕೆಳಗಿಳಿಯುತ್ತಿತ್ತು. 'ಪ್ರಯಾಣಿಕರ ಗಮನಕ್ಕೆ' ಎನ್ನುವಷ್ಟರಲ್ಲಿ ಪ್ರಯಾಣಿಕರ ಗಮನವೆಲ್ಲ ತೂಕಡಿಸಲು ಶುರುವಾಗುತ್ತಿತ್ತು. ಬಸ್ಸು ಹತ್ತಲು ಬಂದವರು ಬೆಂಚಿನ ಮೇಲೆ ಒರಗಿ, ಗಂಟುಮೂಟೆ ತಬ್ಬಿಕೊಂಡು, ಬಾಯಿ ತೆರೆದು ನಿದ್ದೆ ಹೋಗುತ್ತಿದ್ದರು. ಖಾಲಿ ಬಸ್ಸುಗಳು ಸರಿಯಾದ ಸಮಯಕ್ಕೆ ಹೊರಡುತ್ತಿದ್ದವು. ಕೊನೆಗೆ ಮೇಲಿನವರು ಒಂದು ಯಂತ್ರ ತಂದಿಟ್ಟು, ಅದಕ್ಕೆ ಚುರುಕು ಹುಡುಗಿಯೊಬ್ಬಳ ದನಿ ತುಂಬಿ, ಇವರಿಗೆ ಹಾರ ಹಾಕಿ ಕಳಿಸಿಬಿಟ್ಟರು.

ಕೆಲಸ ಹೋದ ಮೇಲೆ ಅನೌನ್ಸರ್ ಸ್ವಲ್ಪ ದಿನ ಮಹಡಿ ಮೆಟ್ಟಿಲ ಮೇಲೆ ಸುಮ್ಮನೆ ಕೂತಿರುತ್ತಿದ್ದರು. ಅವರ ಭಾವಮೈದನಿಗೆ ನಲ್ಲಿ, ಪೈಪು, ತೊಟ್ಟಿಗಳ ಅಂಗಡಿಯಿತ್ತು. ಅವನು ವಾರಕ್ಕೊಮ್ಮೆ ಬಂದು, "ಭಾವ, ಬಂದು ನನ್ನ ಗೋಡೌನಲ್ಲಿ ಕೂತ್ಕೊಳ್ಳಿ. ಪೈಪು ಎಣಿಸೋದಕ್ಕೆ ಏನೂ ಬುದ್ಧಿ ಬೇಕಾಗಿಲ್ಲ," ಎಂದು ಮರ್ಯಾದೆಯಿಂದ ಮರ್ಯಾದೆ ಕಳೆದು ಹೋಗುತ್ತಿದ್ದ. ಅವನ ಬಾಯಿ ಮುಚ್ಚಿಸಬೇಕೆಂಬ ಒಂದೇ ಕಾರಣಕ್ಕೆ ಒಂದು ಬೆಳಿಗ್ಗೆ ಅನೌನ್ಸರ್ ಹೋಗಿ, ಪುಟ್ಟ ಮಕ್ಕಳ ಆರೈಕೆಯ ತರಬೇತಿಗೆ ಸೇರಿಕೊಂಡುಬಿಟ್ಟರು. ತರಬೇತಿ ಮುಗಿಸಿ ಪರೀಕ್ಷೆ ಪಾಸಾದರೆ ಅದೇ ಶಿಶುವಿಹಾರದಲ್ಲಿ ಕೆಲಸ. ಫೇಲಾದರೆ ಗೋಡೌನು.

ಅಲ್ಲಿ ಕೊಟ್ಟ ಬಿಳಿ ಏಪ್ರನ್ನನ್ನು ಅವರ ಹೆಂಡತಿ ಒಗೆದು ತಂತಿಗೆ ಹಾಕಿದರು. ಉದ್ದ ತೋಳು, ಎದೆಯ ಮೇಲೆ ಜೇಬು. ಎದುರುಮನೆ ಟೈಲರಮ್ಮನ ಕಣ್ಣು ಬಟ್ಟೆ ಕಂಡರೆ ಬಿಡುವುದುಂಟೇ?

"ಏನ್ರೀ ಇದು, ಡಾಕ್ಟರ್ ಕೋಟಿದ್ದ ಹಾಗಿದೆ? ನಿಮ್ಮ ಯಜಮಾನ್ರದಾ?"

"ಹೂಂ," ಎಂದರು ಅವರ ಹೆಂಡತಿ. ಯಜಮಾನರದ್ದೇ ತಾನೆ.

"ಯಾವ ಡಾಕ್ಟ್ರು, ಮಕ್ಕಳ ಡಾಕ್ಟ್ರಾ? ಜೇಬಿನ ಮೇಲೆ ಬಾತುಕೋಳಿ ಇದೆ!"

ಕೆಲಸ ಹೋದಂದಿನಿಂದ ಈ ಟೈಲರಮ್ಮ ದಿನಾ "ಪಾಪ, ಪಾಪ" ಎಂದು ಅವರ ಜೀವ ತಿಂದಿದ್ದಳು. ಅನೌನ್ಸರ್ ಹೆಂಡತಿ ಒಂದು ಕ್ಷಣ ಬಾತುಕೋಳಿಯನ್ನು ನೋಡಿದರು, ಟೈಲರಮ್ಮನನ್ನು ನೋಡಿದರು, ಮತ್ತೊಂದು ಸಲ "ಹೂಂ" ಎಂದರು. ಅವರು ಆಡಿದ ಸುಳ್ಳು ಇಷ್ಟೇ. ಕ್ಲಿಪ್ಪು ತೆಗೆಯುವಷ್ಟರಲ್ಲಿ ಸುದ್ದಿ ಬೀದಿ ತುದಿಯ ಚಪ್ಪಲಿ ರಿಪೇರಿಯವನನ್ನು ದಾಟಿತ್ತು.

ಇತ್ತ ಡಾಕ್ಟರ ಪಾಡು ಶಿಶುವಿಹಾರದಲ್ಲಿ ನಾಯಿಗೂ ಬೇಡವಾಗಿತ್ತು. ಜೊತೆಗೆ ಕಲಿಯುವವರೆಲ್ಲ ಅವರ ಅರ್ಧ ವಯಸ್ಸಿನ ಹುಡುಗಿಯರು. ಅವರು ಕಾಗದ ಮಡಿಚಿದರೆ ಹಕ್ಕಿಯಾಗುತ್ತಿತ್ತು, ಇವರು ಮಡಿಚಿದರೆ ಮಡಿಚಿದ ಕಾಗದವಾಗುತ್ತಿತ್ತು. ಮೊದಲ ದಿನ ಪುಟ್ಟ ಕುರ್ಚಿಯಲ್ಲಿ ಕೂತವರು ಎದ್ದಾಗ ಕುರ್ಚಿಯೂ ಎದ್ದಿತು. ಅದನ್ನು ಹಿಂದೆ ಹೊತ್ತುಕೊಂಡೇ ಇಡೀ ಕೋಣೆ ಸುತ್ತಿದರು, ಮಕ್ಕಳು ಅದನ್ನು ಆಟವೆಂದು ತಿಳಿದು ಇನ್ನೊಂದು ಸಲ ಸುತ್ತಿ ಎಂದವು. ಕಚ್ಚುವುದರಲ್ಲಿ ಹೆಸರಾದ ಒಬ್ಬ ಹುಡುಗಿ ಅಲ್ಲಿದ್ದಳು. ಅವಳಿಗೆ ಎಲ್ಲರೂ 'ಕಚ್ಚಮ್ಮ' ಎನ್ನುತ್ತಿದ್ದರು. ಅವಳು ಇವರ ಮೊಣಕೈಯನ್ನು ರುಚಿ ನೋಡಿ, ಮೆಚ್ಚಿ, ದಿನಾ ಬರತೊಡಗಿದಳು. ಶಿಶುವಿಹಾರದ ಮುಖ್ಯಸ್ಥೆ ದೊಡ್ಡ ಮೇಡಂ ನಿಟ್ಟುಸಿರು ಬಿಟ್ಟು, "ನೀವು ಮಧ್ಯಾಹ್ನ ಮಕ್ಕಳನ್ನ ಮಲಗ್ಸಿ ಸಾರ್. ಅದ್ರಲ್ಲಾದ್ರೂ ಕೈ ಹತ್ತುತ್ತಾ ನೋಡೋಣ," ಎಂದರು.

ಮಲಗುವ ಕೋಣೆಗೆ ನೀಲಿ ಪರದೆ. ಊಟವಾದ ಮೇಲೆ ಅದನ್ನು ಎಳೆದರೆ ಬಿಸಿಲು ನೀಲಿಯಾಗಿ, ನೆಲದ ಮೇಲೆ ನೀರಿನ ಹಾಗೆ ನಿಲ್ಲುತ್ತಿತ್ತು. ಆ ನೀರಿನಲ್ಲಿ ಪುಟ್ಟ ಹಾಸಿಗೆಗಳ ಸಾಲು. ಅನೌನ್ಸರ್ ಮಧ್ಯೆ ನಿಂತು ಹುಡುಗಿಯರು ಕಲಿಸಿದ ಜೋಗುಳವನ್ನು ಹಾಡಿದರು. ಮೊದಲನೇ ಸಾಲಿಗೆ ಒಂದು ಮಗು ಅತ್ತಿತು, ಎರಡನೇ ಸಾಲಿಗೆ ಎಲ್ಲವೂ ಅತ್ತವು. ಇವರ ತಲೆ ಖಾಲಿಯಾಯಿತು, ಬಾಯಿ ತನಗೆ ಗೊತ್ತಿರುವ ದಾರಿಯನ್ನೇ ಹಿಡಿಯಿತು.

"ಪ್ರಯಾಣಿಕರ ಗಮನಕ್ಕೆ... ಗಡಿಯಾರ ಕಂಬ, ಹಳೇ ಸೇತುವೆ, ನೀರಿನ ಟ್ಯಾಂಕು, ದೀಪದ ಕಾರ್ಖಾನೆ ಮಾರ್ಗವಾಗಿ... ಕೊನೇ ನಿಲ್ದಾಣಕ್ಕೆ ಹೋಗುವ ಬಸ್ಸು... ಸ್ವಲ್ಪ ಹೊತ್ತಿನಲ್ಲಿ... ಹೊರಡಲಿದೆ..."

ಸೇತುವೆ ದಾಟುವಷ್ಟರಲ್ಲಿ ಅಳು ನಿಂತಿತು. ಟ್ಯಾಂಕಿನ ಹತ್ತಿರ ರೆಪ್ಪೆಗಳು ಮುಚ್ಚಿದವು. ಕೊನೇ ನಿಲ್ದಾಣದಲ್ಲಿ ಕಚ್ಚಮ್ಮ ತನ್ನ ಹೆಬ್ಬೆರಳನ್ನೇ ಕಚ್ಚಿಕೊಂಡು ಗೊರಕೆ ಹೊಡೆಯುತ್ತಿದ್ದಳು. ಅಡುಗೆಮನೆಯಲ್ಲಿ ಅಡುಗೆಯಮ್ಮ ಪಾತ್ರೆ ತಿಕ್ಕುತ್ತಾ ನಿಂತಲ್ಲೇ ನಿದ್ದೆ ಹೋಗಿದ್ದಳು, ನಲ್ಲಿಯ ನೀರು ಒಂದೇ ಸಮನೆ ಹರಿಯುತ್ತಿತ್ತು. ಎಚ್ಚರವಿದ್ದದ್ದು ಒಂದೇ ಮಗು. ಅದು ಬಾಗಿಲ ಕಡೆ ಮುಖ ಮಾಡಿ, ಕಾಲಿಗೆ ಚಪ್ಪಲಿ ಹಾಕಿಕೊಂಡೇ ಕೂತಿರುತ್ತಿತ್ತು. ಅದರಮ್ಮನಿಗೆ ಊರಾಚೆಯ ಲಾಂಡ್ರಿಯಲ್ಲಿ ಕೆಲಸ, ದಿನಾ ತಡ. ಆ ಮಗು ಅಲ್ಲಿಗೆ ಬಂದಂದಿನಿಂದ ಯಾರ ಜೊತೆಗೂ ಒಂದು ಮಾತಾಡಿರಲಿಲ್ಲ. ಅನೌನ್ಸರ್ ಹೋಗಿ ಅದರ ಪಕ್ಕದಲ್ಲಿ ಕೂತರು. ಇಬ್ಬರೂ ಬಾಗಿಲು ನೋಡುತ್ತಾ ಇದ್ದರು.

ಇಲ್ಲಿಂದ ಡಾಕ್ಟರ ಕೀರ್ತಿ ಹಬ್ಬಿದ ಪರಿಯನ್ನು ಹೇಳಲು ನನಗೆ ನಾಲಿಗೆ ಸಾಲದು. ಟೈಲರಮ್ಮನ ಮಗಳ ಕೂಸು ಒಂದು ಸಂಜೆ ಹಟ ಹಿಡಿದು ನೀಲಿಗಟ್ಟಿತು. ಅವಳು ಅದನ್ನು ಎತ್ತಿಕೊಂಡು ನಮ್ಮ ಮೆಟ್ಟಿಲು ಹತ್ತಿ, "ಡಾಕ್ಟ್ರೇ, ಕಾಪಾಡಿ," ಎಂದಳು. ಅನೌನ್ಸರ್ ಗಾಬರಿಯಾಗಿ, "ಅಯ್ಯೋ, ನಾನು ಡಾಕ್ಟ್ರಲ್ಲಮ್ಮಾ!" ಎಂದರು.

"ದೊಡ್ಡ ಡಾಕ್ಟ್ರುಗಳು ಹೀಗೇ ಹೇಳೋದು," ಎಂದು ಟೈಲರಮ್ಮ ಕೈ ಮುಗಿದಳು.

ಕೂಸಿನ ಅಳು ಕೇಳಲಾರದೆ ಅವರು ಎರಡು ಬಸ್ಸು ಹೊರಡಿಸಿದರು. ಕೂಸು ಮಲಗಿತು. ಟೈಲರಮ್ಮನೂ ಮಲಗಿದಳು, ಅವಳನ್ನು ನಾವು ಮೂರು ಜನ ಹಿಡಿದು ಇಳಿಸಬೇಕಾಯಿತು. ಮರುದಿನದಿಂದ ಮೆಟ್ಟಿಲ ಮೇಲೆ ಸಾಲು. ಹಲ್ಲು ಬರುವ ಕೂಸುಗಳು, ಹೊಟ್ಟೆ ನೋವಿನ ಕೂಸುಗಳು, ಕೂಸೇ ಇಲ್ಲದೆ ತಾವೇ ಬಂದು "ನಂಗೂ ಸ್ವಲ್ಪ ನೋಡಿ ಡಾಕ್ಟ್ರೇ" ಎನ್ನುವ ಗಡ್ಡದ ಕೂಸುಗಳು. ಸಂಜೆ ಕತ್ತಲಾಗುವ ಮುಂಚೆ ನಮ್ಮ ಬೀದಿಯಲ್ಲಿ ನಾಯಿ ಕೂಡ ಬೊಗಳುತ್ತಿರಲಿಲ್ಲ. ಅಂಗಡಿಯವನು ತಕ್ಕಡಿ ಹಿಡಿದುಕೊಂಡೇ ತೂಗುತ್ತಿದ್ದ, ಸಾಮಾನನ್ನಲ್ಲ, ತಲೆಯನ್ನು. ನಾನು ಕೆಳಗಿನ ಮನೆಯವನು, ಛಾವಣಿಯ ಮೂಲಕ ಅಷ್ಟಷ್ಟು ಬಸ್ಸು ನನ್ನ ಕಿವಿಗೂ ಬೀಳುತ್ತಿತ್ತು. ಆ ದಿನಗಳಲ್ಲಿ ಕಂಡಂಥ ಕನಸುಗಳನ್ನು ನಾನು ಮತ್ತೆ ಕಾಣಲಿಲ್ಲ. ದೀಪ ಹಚ್ಚಿದ ಬಸ್ಸೊಂದು ಮನೆಗಳ ಮೇಲಿಂದ ಮೆಲ್ಲಗೆ ತೇಲಿ ಹೋಗುತ್ತಿತ್ತು, ಕಿಟಕಿಯಲ್ಲಿ ನನ್ನ ಸತ್ತ ಅಜ್ಜಿ ಕೂತು ಕಡಲೆಕಾಯಿ ಸುಲಿಯುತ್ತಿದ್ದಳು.

ಇಡೀ ಬೀದಿಗೆ ಬಂದ ನಿದ್ದೆ ಒಬ್ಬರಿಗೆ ಮಾತ್ರ ಬರಲಿಲ್ಲ. ಅವರು ಮೂಲೆಮನೆಯ ನಿವೃತ್ತ ಸೂಪರಿಂಟೆಂಡೆಂಟರು. ಸರ್ಕಾರಿ ಕೆಲಸದಲ್ಲಿ ಮಾಡಬೇಕಾದಷ್ಟು ನಿದ್ದೆಯನ್ನು ಮಾಡಿ ಮುಗಿಸಿ, ಈಗ ಹಗಲೂ ಸಂಜೆಯೂ ಬೀದಿಯನ್ನೇ ಕಾಯುತ್ತಿದ್ದರು. ಅವರ ಮೊಮ್ಮಗ ಮೆಟ್ಟಿಲ ಮೇಲೆ ಕಣ್ಣು ಮಿಟುಕಿಸುವಷ್ಟರಲ್ಲಿ ಮಲಗಿದ್ದನ್ನು ನೋಡಿ, ಮಗುವಿನ ಬಾಯಿ ಮೂಸಿ, ನನ್ನ ಹತ್ತಿರ ಬಂದರು.

"ನೋಡ್ರೀ, ಈ ಮನುಷ್ಯ ಮಕ್ಕಳಿಗೆ ಏನೋ ಕುಡಿಸ್ತಿದಾನೆ."

"ಇಲ್ಲ ಸಾರ್, ಬಸ್ಸು ಹೇಳ್ತಾರೆ ಅಷ್ಟೇ."

"ಬಸ್ಸು! ನಾನೂ ಬಸ್ಸಲ್ಲಿ ಓಡಾಡಿದೀನಿ ಕಣ್ರೀ. ಒಂದು ದಿನ ಕೂತ್ಕೊಳ್ಳೋಕೆ ಸೀಟು ಸಿಕ್ಕಿಲ್ಲ, ನಿದ್ದೆ ಎಲ್ಲಿಂದ ಬರುತ್ತೆ?"

ವಿಚಾರಿಸಿದರು. ಅನೌನ್ಸರ್ ಡಾಕ್ಟರೇ ಅಲ್ಲವೆಂದು ಗೊತ್ತಾಯಿತು. ಡಾಕ್ಟರಲ್ಲದವನು ಮಕ್ಕಳಿಗೆ ನಿದ್ದೆಯ ಔಷಧಿ ಕೊಡುತ್ತಿದ್ದಾನೆ ಎಂದು ತರಬೇತಿ ಕಚೇರಿಗೆ ದೂರು ಹೋಯಿತು. ಪರೀಕ್ಷೆ ಹೇಗೂ ಹತ್ತಿರವಿತ್ತು. ಕಚೇರಿಯವರು ಪರೀಕ್ಷೆಯನ್ನೂ ವಿಚಾರಣೆಯನ್ನೂ ಒಟ್ಟಿಗೆ ಮುಗಿಸಿ ಬನ್ನಿ ಎಂದು ಒಬ್ಬ ಪರೀಕ್ಷಕರನ್ನು ಕಳಿಸಿದರು.

ಪರೀಕ್ಷಕರು ತೆಳ್ಳಗೆ, ನೆಟ್ಟಗೆ, ಇಸ್ತ್ರಿ ಮಾಡಿಸಿಕೊಂಡು ಬಂದವರ ಹಾಗಿದ್ದರು. ಬಿಸಿಲಲ್ಲಿ ಬಂದಿದ್ದಾರೆಂದು ಅನೌನ್ಸರ್ ತಾವೇ ಒಂದು ಲೋಟ ನೀರು ತಂದುಕೊಟ್ಟರು. ಮಾಡಿದ್ದು ಒಳ್ಳೇ ಕೆಲಸ, ಆದದ್ದು ಅನಾಹುತ. ನೀರು ಕುಡಿದರು, ನೀಲಿ ಕೋಣೆಯಲ್ಲಿ ಕುರ್ಚಿ ಹಾಕಿಕೊಂಡರು, ಪೆನ್ನು ತೆರೆದರು. ಗಡಿಯಾರ ಕಂಬದಲ್ಲಿ ಪೆನ್ನು ಜಾರಿತು. ಹಳೇ ಸೇತುವೆಯಲ್ಲಿ ಗಲ್ಲ ಎದೆಗೆ ತಗುಲಿತು.

ಮಕ್ಕಳೆಲ್ಲ ಎದ್ದು, ಹಾಲು ಕುಡಿದು, ಆಡಿ, ಒಬ್ಬೊಬ್ಬರೇ ಮನೆಗೆ ಹೋದರೂ ಪರೀಕ್ಷಕರು ಏಳಲಿಲ್ಲ. ಯಾವುದೋ ಮಗು ಅವರಿಗೆ ತನ್ನ ಹೊದಿಕೆ ಹೊದಿಸಿತ್ತು, ಇನ್ನೊಂದು ಅವರ ಅಂಗೈಯಲ್ಲಿ ಹಸಿರು ಮೀನು ಬರೆದಿತ್ತು. ಎದ್ದಾಗ ಅವರ ಮುಖದಲ್ಲಿ ಒಂದು ನಗುವಿತ್ತಂತೆ. ಮೀನು ಕಂಡ ಮೇಲೆ ಅದು ಹೋಯಿತು.

"ನಂಗೆ ಏನೋ ಕೊಟ್ಟಿದೀರಾ!" ಎಂದು ಕಿರುಚಿದರು. "ನೀರಲ್ಲಿ ಏನು ಹಾಕಿದ್ರಿ? ನಾನು ಹಗಲು ಹೊತ್ತು ಮಲಗೋನಲ್ಲ. ರಜಾ ದಿನವೂ ಮಲಗಲ್ಲ!"

ಕಾಂಪೌಂಡಿನಾಚೆ ನಿಂತಿದ್ದ ಸೂಪರಿಂಟೆಂಡೆಂಟರು, "ನಾನು ಹೇಳ್ಲಿಲ್ವಾ? ನಾನು ಹೇಳ್ಲಿಲ್ವಾ?" ಎಂದು ಎರಡೆರಡು ಸಲ ಹೇಳಿದರು. ವಾರ ಕಳೆದು ಎರಡನೇ ಪರೀಕ್ಷೆ ಎಂದು ತೀರ್ಮಾನವಾಯಿತು. ಊಟ, ನೀರು ಎಲ್ಲ ಹೊರಗಿನಿಂದ ತರಿಸಬೇಕು, ಬೀದಿಯ ಇಬ್ಬರು ಸಾಕ್ಷಿಗಳು ಇರಬೇಕು. ಒಬ್ಬರು ಸೂಪರಿಂಟೆಂಡೆಂಟರು. ಇನ್ನೊಬ್ಬ ನಾನು, ಮನೆಯಲ್ಲಿ ಸುಮ್ಮನೆ ಇರುವವನು ಎಂಬ ಅರ್ಹತೆಯ ಮೇಲೆ.

ಹಿಂದಿನ ಸಂಜೆ ಭಾವಮೈದ ಬಂದ. ನನ್ನನ್ನೂ ಮೇಲೆ ಕರೆದಿದ್ದರು.

"ಭಾವ, ಲೆಕ್ಕ ಸರಿಯಾಗಿ ಕೇಳಿ," ಎಂದ ಅವನು, ಬೆರಳು ಮಡಿಚುತ್ತಾ. "ನಾಳೆ ಮಕ್ಕಳು ಮಲಗಿದ್ರೆ ಔಷಧಿ ಕೊಟ್ರಿ ಅಂತಾರೆ, ಒಳಗೆ ಹಾಕ್ತಾರೆ. ಮಲಗದೇ ಇದ್ರೆ ಮಲಗ್ಸೋಕೆ ಬರಲ್ಲ ಅಂತಾರೆ, ಫೇಲ್ ಮಾಡ್ತಾರೆ. ಅಂದ್ಮೇಲೆ ಜೈಲು, ಇಲ್ಲಾಂದ್ರೆ ನನ್ನ ಗೋಡೌನು. ನಾನಾಗಿದ್ರೆ ಗೋಡೌನೇ ಆರಿಸ್ಕೊಳ್ತಿದ್ದೆ. ಎರಡಕ್ಕೂ ಕಿಟಕಿ ಇಲ್ಲ, ಆದ್ರೆ ನಮ್ಮದ್ರಲ್ಲಿ ಫ್ಯಾನಿದೆ."

ಅವರ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ಅತ್ತುಬಿಟ್ಟರು. "ಎಲ್ಲ ನನ್ನಿಂದಾನೇ ಆಗಿದ್ದು ಕಣ್ರೀ. ಅವತ್ತು ಹೂಂ ಅಂದ್ಬಿಟ್ಟೆ. ಆ ಟೈಲರಮ್ಮ ಇನ್ನೊಂದ್ಸಲ ಪಾಪ ಅಂದಿದ್ರೆ ನಾನು ಸತ್ತೇ ಹೋಗ್ತಿದ್ದೆ."

"ಬಿಡೇ, ಅಳಬೇಡ," ಎಂದರು ಅನೌನ್ಸರ್. ಆಮೇಲೆ ನೆಲ ನೋಡುತ್ತಾ, "ಆದ್ರೆ ನಂಗೆ ಆ ಕೆಲಸ ಬೇಕು ಕಣೇ. ಮೊದ್ಲು ನಿನ್ನ ತಮ್ಮನ ಕಾಟಕ್ಕೆ ಸೇರಿದ್ದು, ಒಪ್ಕೊಳ್ತೀನಿ. ಈಗ ಹಾಗಲ್ಲ. ಬಸ್ ಸ್ಟ್ಯಾಂಡಲ್ಲಿ ಅಷ್ಟು ವರ್ಷ ಕೂತಿದ್ದೆ, ನನ್ನ ಮುಖ ಹೇಗಿದೆ ಅಂತ ಒಬ್ರಿಗೂ ಗೊತ್ತಿರ್ಲಿಲ್ಲ. ಇಲ್ಲಿ ಬೆಳಿಗ್ಗೆ ಗೇಟು ತೆಗೆದ್ರೆ ಓಡಿ ಬರ್ತವೆ. ಕಚ್ಚೋಕಾದ್ರೂ ಬರ್ತವೆ," ಎಂದರು. ಭಾವಮೈದ ಕೂಡ ಅಷ್ಟು ಹೊತ್ತು ಪೈಪಿನ ಮಾತೆತ್ತಲಿಲ್ಲ.

ಪರೀಕ್ಷೆಯ ದಿನ ಪರೀಕ್ಷಕರು ಮನೆಯಿಂದಲೇ ಕಡುಕಾಫಿ ಕುಡಿದು, ನೀರಿನ ಬಾಟಲಿಯನ್ನು ಕುತ್ತಿಗೆಗೆ ನೇತುಹಾಕಿಕೊಂಡು ಬಂದರು. ಕೂರಲೇ ಇಲ್ಲ. ಸೂಪರಿಂಟೆಂಡೆಂಟರು ಮಕ್ಕಳ ಊಟದ ಪಾತ್ರೆಯನ್ನು ಮೂಸಿ, ಪರದೆಯನ್ನು ಮೂಸಿ, ಅನೌನ್ಸರನ್ನು ಕೊನೆಗೆ ಮೂಸಿದರು.

"ಮೊದ್ಲು ಇದನ್ನ ಹೇಳಿ. ನೀವು ಡಾಕ್ಟ್ರೋ ಅಲ್ವೋ?" ಎಂದು ಪರೀಕ್ಷಕರು ಕೇಳಿದರು.

"ಅಲ್ಲ ಸಾರ್," ಎಂದರು ಅನೌನ್ಸರ್, ಬಾತುಕೋಳಿಯ ಮೇಲೆ ಕೈಯಿಟ್ಟುಕೊಂಡು. "ನಾನು ಮಕ್ಕಳನ್ನ ನೋಡ್ಕೊಳ್ಳೋದನ್ನ ಕಲೀತಿರೋನು. ಅಷ್ಟೇ."

"ಶುರು ಮಾಡಿ," ಎಂದರು ಪರೀಕ್ಷಕರು.

ಪರದೆ ಎಳೆದರು. ಅನೌನ್ಸರ್ ಬಾಯಿ ತೆರೆದರು. ಏನು ಹೇಳಲಿ! ಹೆದರಿಕೆಗೆ ಆ ದನಿ ಎಂದೂ ಇಲ್ಲದ ಹಾಗೆ ಮೇಲೇರಿ, ಕುಣಿದು, ಸಂತೆಯಲ್ಲಿ ಕೂಗುವವನ ದನಿಯಾಗಿಬಿಟ್ಟಿತ್ತು. "ಪ್ರಯಾಣಿಕರ ಗಮನಕ್ಕೆ! ಗಡಿಯಾರ ಕಂಬ! ಹಳೇ ಸೇತುವೆ!" ಮಕ್ಕಳೆಲ್ಲ ದಡಬಡನೆ ಎದ್ದು ಕೂತವು. ಅಡುಗೆಯಮ್ಮ ಸೌಟು ಹಿಡಿದು ಓಡಿಬಂದಳು. ಅಷ್ಟು ದಿನ ನಿದ್ದೆಯಲ್ಲೇ ಹತ್ತಿ ನಿದ್ದೆಯಲ್ಲೇ ಇಳಿದ ಬಸ್ಸನ್ನು ಮಕ್ಕಳು ಎಚ್ಚರದಲ್ಲಿ ನೋಡಿದ್ದು ಅದೇ ಮೊದಲು.

"ಯಾವ ಬಣ್ಣದ ಬಸ್ಸು?" ಎಂದು ಒಬ್ಬ ಕೇಳಿದ.

ಅನೌನ್ಸರ್ ಬೆವರೊರೆಸಿಕೊಂಡರು. "ಮಲಕ್ಕೊಳ್ಳಪ್ಪಾ."

"ಯಾವ ಬಣ್ಣ ಹೇಳಿ, ಆಮೇಲೆ ಮಲಕ್ಕೋತೀನಿ."

"ನೀಲಿ."

"ಸೇತುವೆ ಕೆಳಗೆ ಮೊಸಳೆ ಇದೆಯಾ?" ಇದು ಕಚ್ಚಮ್ಮ, ಸಹೋದ್ಯೋಗಿಯ ಕುತೂಹಲದಿಂದ.

ಎಲ್ಲ ಮುಗಿಯಿತೆಂದು ನಾನು ಸೂಪರಿಂಟೆಂಡೆಂಟರ ಕಡೆ ನೋಡಿದೆ. ಅವರ ಮುಖದಲ್ಲೂ ಗೊಂದಲವಿತ್ತು. ಮಕ್ಕಳು ಮಲಗಿದರೆ ಗೆದ್ದೆ ಎಂದುಕೊಂಡು ಬಂದವರಿಗೆ, ಮಲಗದಿದ್ದರೆ ಗೆದ್ದೆನೋ ಸೋತೆನೋ ಎಂಬುದು ಹೊಳೆಯುತ್ತಿರಲಿಲ್ಲ. ಆಗ ಬಾಗಿಲ ಹತ್ತಿರ ಚಪ್ಪಲಿ ಹಾಕಿಕೊಂಡು ಕೂತಿದ್ದ ಆ ಮಗು ಎದ್ದು ಬಂದು, ಏಪ್ರನ್ನಿನ ತುದಿ ಹಿಡಿದು ಎಳೆಯಿತು.

"ಅಮ್ಮನ ಹತ್ರ ನಿಲ್ಲುತ್ತಾ?"

ದೊಡ್ಡ ಮೇಡಂ ಬಾಯಿಗೆ ಕೈ ಇಟ್ಟುಕೊಂಡರು. ಅನೌನ್ಸರ್ ಪರೀಕ್ಷೆಯನ್ನು, ಜೈಲನ್ನು, ಗೋಡೌನನ್ನು ಎಲ್ಲ ಮರೆತು ನೆಲದ ಮೇಲೆ ಮಂಡಿಯೂರಿದರು.

"ನಿಲ್ಲುತ್ತೆ ಪುಟ್ಟಾ. ಲಾಂಡ್ರಿ ಮುಂದೇನೇ ನಿಲ್ಲುತ್ತೆ."

"ಅಮ್ಮ ಬರೋ ತನಕ ನಿಲ್ಲುತ್ತಾ?"

"ಅಮ್ಮ ಬರೋ ತನಕ ಕದಲಲ್ಲ. ಯಾರು ಎಷ್ಟು ಹಾರ್ನ್ ಹೊಡೆದ್ರೂ ಕದಲಲ್ಲ."

ಆ ಮಗು ಸ್ವಲ್ಪ ಯೋಚಿಸಿತು. ಹೋಗಿ ಒಂದು ಪುಟ್ಟ ಕುರ್ಚಿ ಎಳೆದು ತಂದು ಕೋಣೆಯ ಮಧ್ಯೆ ಇಟ್ಟಿತು. ಅದರ ಹಿಂದೆ ಇನ್ನೊಂದು. ಉಳಿದವರು ನುಗ್ಗಿದರು. ನೋಡನೋಡುತ್ತಿದ್ದಂತೆ ಕುರ್ಚಿಗಳ ಉದ್ದ ಸಾಲಾಯಿತು, ನೀಲಿ ಪರದೆಯ ಬೆಳಕು ಅದರ ಮೇಲೆ ಬಿದ್ದು ನಿಜಕ್ಕೂ ನೀಲಿ ಬಸ್ಸೇ ಆಯಿತು. ಅನೌನ್ಸರನ್ನು ಎಲ್ಲಕ್ಕಿಂತ ಮುಂದಿನ ಕುರ್ಚಿಯಲ್ಲಿ ಕೂರಿಸಿದರು. ಅಷ್ಟು ವರ್ಷ ಊರಿನವರನ್ನೆಲ್ಲ ಹೊರಡಿಸಿ ತಾವು ಗಾಜಿನ ಹಿಂದೆ ಕೂತಿದ್ದ ಮನುಷ್ಯ, ಊಟದ ತಟ್ಟೆಯನ್ನು ತಿರುಗಿಸುತ್ತಾ ಹೊರಟೇಬಿಟ್ಟರು. ಗಡಿಯಾರ ಕಂಬ ದಾಟಿತು. ಸೇತುವೆ ಬಂದಾಗ ಎಲ್ಲರೂ ಕಾಲು ಮೇಲೆತ್ತಿದರು, ಮೊಸಳೆ ಇತ್ತಲ್ಲ. ನಾನೂ ಎತ್ತಿದೆ. ಯಾವಾಗ ಹತ್ತಿ ಕೂತಿದ್ದೆನೋ ನನಗೇ ತಿಳಿಯದು.

"ಇದೇನ್ರೀ ಪರೀಕ್ಷೆನಾ?" ಎಂದು ಸೂಪರಿಂಟೆಂಡೆಂಟರು ಗುಡುಗಿದರು.

ಕಚ್ಚಮ್ಮ ಹಲ್ಲು ತೋರಿಸಿ, "ತಾತಾ, ಬಸ್ಸು ಓಡ್ತಾ ಇದೆ. ಕೂತ್ಕೋ," ಎಂದಳು. ಅವರು ಕೂತರು. ಬಸ್ಸಿನಲ್ಲಿ ಕೊನೆಗೂ ಸೀಟು ಸಿಕ್ಕಿತೆಂಬ ಸಮಾಧಾನ ಮುಖದಲ್ಲಿ ಕಾಣುತ್ತಿತ್ತು. ಕೂತ ಸ್ವಲ್ಪ ಹೊತ್ತಿಗೆ, ಯಾವ ಔಷಧಿಯೂ ಇಲ್ಲದೆ, ನನ್ನ ಹೆಗಲಿಗೆ ಒರಗಿ ನಿದ್ದೆ ಹೋದರು. ಇಡೀ ಕೋಣೆಯಲ್ಲಿ ಆ ದಿನ ಮಲಗಿದವರು ಅವರೊಬ್ಬರೇ.

ಪರೀಕ್ಷಕರು ಎಷ್ಟು ಹೊತ್ತು ನಿಂತಿದ್ದರೋ, ಕೊನೆಗೆ ಅವರೂ ಹಿಂದಿನ ಕುರ್ಚಿಯಲ್ಲಿ, ಮಂಡಿ ಕಿವಿಗೆ ತಗುಲುವ ಹಾಗೆ ಕೂತಿದ್ದರು. ದೊಡ್ಡ ಮೇಡಂ ಪಕ್ಕದಲ್ಲಿ ಬಗ್ಗಿ, "ಸಾರ್, ಒಂದು ಮಗುನೂ ಮಲಗಲಿಲ್ಲ..." ಎಂದರು.

"ಹೌದು. ಮಲಗ್ಸೋಕೆ ಬರಲ್ಲ ಅಂತ ಬರೀತೀನಿ. ಅದಕ್ಕೆ ಸೊನ್ನೆ. ಮಲಗ್ಸೋಕೇ ಬರದವನು ಔಷಧಿ ಹೇಗೆ ಕೊಟ್ಟಾನು? ದೂರಿಗೂ ಸೊನ್ನೆ."

"ಸೊನ್ನೆ ಬಂದ್ರೆ ಫೇಲಲ್ವಾ ಸಾರ್?" ಎಂದರು ಮೇಡಂ.

ಪರೀಕ್ಷಕರು ಏನೋ ಹೇಳಬೇಕೆಂದಿದ್ದರು, ಅಷ್ಟರಲ್ಲಿ ಬಾಗಿಲು ತೆರೆಯಿತು. ಸೋಪಿನ ವಾಸನೆ, ಒದ್ದೆಯಾದ ತೋಳು, ಏದುಸಿರು. ಹೊರಗೆ ಸಂಜೆಯಾಗಿತ್ತು, ನಮಗೆ ಯಾರಿಗೂ ಗೊತ್ತಾಗಿರಲಿಲ್ಲ. "ತಪ್ಪಾಯ್ತು ಮೇಡಂ, ಇವತ್ತೂ ತಡವಾಯ್ತು," ಎನ್ನುತ್ತಾ ಆ ತಾಯಿ ದಿನದ ಹಾಗೆ ಅಳುವ ಮಗುವನ್ನು ಎತ್ತಿಕೊಳ್ಳಲು ಎರಡೂ ಕೈ ಚಾಚಿದಳು.

ಮಗು ಅಳುತ್ತಿರಲಿಲ್ಲ. "ಅಮ್ಮಾ, ಬೇಗ ಹತ್ತು," ಎಂದಿತು. "ನಿಂಗೋಸ್ಕರಾನೇ ನಿಲ್ಸಿದೀವಿ."

ಆಕೆ ಕೈ ಚಾಚಿದ ಹಾಗೇ ನಿಂತುಬಿಟ್ಟಳು. ಕುರ್ಚಿಗಳೆಲ್ಲ ತುಂಬಿದ್ದವು. ಪರೀಕ್ಷಕರು ಕುರ್ಚಿಯಿಂದ ತಮ್ಮನ್ನು ಕಷ್ಟಪಟ್ಟು ಬಿಡಿಸಿಕೊಂಡು ಎದ್ದು, "ಕೂತ್ಕೊಳ್ಳಮ್ಮಾ, ನನ್ನ ಸ್ಟಾಪ್ ಬಂತು," ಎಂದರು. ಚಪ್ಪಲಿ ಹಾಕಿಕೊಂಡು ಗೇಟಿನವರೆಗೆ ಹೋದವರ ಹಿಂದೆಯೇ ದೊಡ್ಡ ಮೇಡಂ ಓಡಿದರು.

"ಸಾರ್, ರಿಸಲ್ಟು? ಅವರಿಗೆ ಏನಂತ ಹೇಳ್ಲಿ?"

"ಬಸ್ಸು ಓಡ್ತಿರುವಾಗ ಡ್ರೈವರ್ ಹತ್ರ ಮಾತಾಡಬಾರ್ದು ಮೇಡಂ," ಎಂದರು ಪರೀಕ್ಷಕರು. "ಇಳಿದ ಮೇಲೆ ಹೇಳಿ, ನಾಳೆಯಿಂದ ಕೆಲಸಕ್ಕೆ ಬರ್ಲಿ ಅಂತ."